ನೂಬಿಸಿಯ ಬುಟ್ಟಿಗೆ ಕಿತ್ತಳೆ ಎಲೆಯ ಎಣ್ಣೆ

ಬಫಾಂಗ್ ಊರಿನ ವಾಂಬೋಗೆ ಬೂಷ್ಟಿನ ಮೇಲಿದ್ದುದಕ್ಕಿಂತ ಹೆಚ್ಚು ಸಂಶಯ ಹೆಂಡತಿ ಮೆಗ್ನೆಯ ಮೇಲಿತ್ತು.

ಗೆಳೆಯ ನೂಬಿಸಿ ಸಾಯುವ ಮುನ್ನ ತನ್ನ ಮರದಲ್ಲಿ ಬಿಟ್ಟ, ಅಡಿಕೆಯಂತೆ ಜಗಿಯುವ ಕೋಲಾ ಕಾಯಿಗಳನ್ನು ಬುಟ್ಟಿಯಲ್ಲಿ ತುಂಬಿಸಿ ಅವನ ಕೈಗಿತ್ತಿದ್ದ. ತಾನು ಸತ್ತ ಮೇಲೆ ತನ್ನ ಹೆಸರಿನಲ್ಲಿ ಹಬ್ಬ ಮಾಡುವ ದಿನ ವಾಂಬೋನೇ ಅವನ್ನು ಹಿರಿಯರಿಗೆ ಹಂಚಬೇಕು ಎಂದಿದ್ದ. ಹಬ್ಬವೋ ಬೇಸಿಗೆಗೆ. ಅಷ್ಟರಲ್ಲಿ ಮಳೆ ಹಿಡಿದು ಕಾಯಿಗಳಿಗೆಲ್ಲ ಬಿಳಿ ಗಡ್ಡ ಬೆಳೆಯತೊಡಗಿತು. ಸತ್ತವನನ್ನು ಕೋಲಾ ಮುರಿದು ಹಂಚದೆ ಬೀಳ್ಕೊಡುವಂತಿಲ್ಲ. ಕೊಳೆತದ್ದನ್ನು ಕೊಟ್ಟರೆ ಗೆಳೆತನವೇ ಕೊಳೆತಂತೆ.

ಮೆಗ್ನೆ ಕದ್ದು ನೀರು ಚಿಮುಕಿಸುತ್ತಿದ್ದಾಳೆ ಎಂಬುದು ವಾಂಬೋನ ಮಹಾಸಿದ್ಧಾಂತ. (ಕಾರಣ ಕೇಳಬೇಡಿ, ಸಿದ್ಧಾಂತಕ್ಕೆ ಅದೆಲ್ಲ ಬೇಕಿಲ್ಲ.) ಬುಟ್ಟಿಯನ್ನು ತಂದು ಹಾಸಿಗೆಯ ನಡುವೆ ಇಟ್ಟುಕೊಂಡ. ಸದ್ಯ, ಗೊರಕೆ ಹೊಡೆಯದ ಜೊತೆ ಸಿಕ್ಕಿತು ಎಂದಳು ಅವಳು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಮೆಗ್ನೆ ಕಿತ್ತಳೆ ಎಲೆ ಕುದಿಸಿ, ಆವಿಯನ್ನು ತಣಿಸಿ, ಮೇಲೆ ತೇಲಿದ ಎಣ್ಣೆಯನ್ನು ಪುಟ್ಟ ಸೀಸೆಗೆ ತುಂಬುತ್ತಿದ್ದಳು. ವಿಶ್ವವಿದ್ಯಾಲಯದ ಹೆಂಗಸೊಬ್ಬಳು ಸಂತೆಯಲ್ಲಿ ಹೇಳಿಕೊಟ್ಟದ್ದಂತೆ.

"ಇದರ ವಾಸನೆಗೆ ಬೂಷ್ಟು ತಲೆ ಎತ್ತಲ್ಲ ಕಣ್ರೀ. ಹತ್ತಿಗೆ ಎರಡೇ ಹನಿ ಹಾಕಿ ಬುಟ್ಟೀಲಿಟ್ರೆ ಸಾಕು."

ಮೆಗ್ನೆ ಗಡ್ಡಗಳನ್ನು ಒರೆಸಿ ಹತ್ತಿ ಇಟ್ಟಳು. ಮತ್ತೆ ಒಂದೂ ಚಿಗುರಲಿಲ್ಲ. ವಾಂಬೋನ ಸಂಶಯ ಮಾತ್ರ ಹುಲುಸಾಗಿ ಚಿಗುರಿತು. ಎರಡು ಹನಿಗೇ ಇಷ್ಟಾದರೆ ಉಳಿದದ್ದನ್ನು ಯಾರಿಗೆಂದು ಬಚ್ಚಿಟ್ಟಿದ್ದಾಳೆ? ಹಬ್ಬದ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದದ್ದೇ ತಡ, ಇಡೀ ಸೀಸೆಯನ್ನು ಬುಟ್ಟಿಗೆ ಬಗ್ಗಿಸಿದ.

ನೂಬಿಸಿಯ ಮನೆಯಂಗಳದಲ್ಲಿ ಬುಟ್ಟಿ ತೆರೆದಾಗ ಹಿರಿಯರು ಒಂದು ಹೆಜ್ಜೆ ಹಿಂದೆ ಸರಿದರು. ಕಾಯಿಗಳು ಥಳಥಳ ಹೊಳೆಯುತ್ತಿದ್ದವು. ಹಿರಿಯ ಜೋಮೋ ಮೂಗು ಮುಚ್ಚಿಕೊಂಡು, ಕೊಡುವವನೇ ಮೊದಲು ಕಚ್ಚುವುದು ಪದ್ಧತಿ ಎಂದು ನೆನಪಿಸಿದ. ವಾಂಬೋ ಕಚ್ಚಿದ. ಕಹಿಯ ಮೇಲೆ ಉರಿ. ಕಣ್ಣಲ್ಲಿ ದಳದಳ ನೀರು.

"ನನ್ನದನ್ನೂ ಕಚ್ಚಿಕೊಡಪ್ಪಾ," ಎಂದು ಪಕ್ಕದ ಹಿರಿಯ ಮೂಗು ತಿರುಗಿಸಿ ತನ್ನ ಪಾಲಿನ ಕಾಯಿ ಚಾಚಿದ. ಅವನ ಪಕ್ಕದವನೂ ಹಾಗೇ ಅಂದ.

ಜೋಮೋ ಮೆತ್ತಗಾದ. "ಅಳು ಮಗಾ, ಅಳು. ಮಣ್ಣು ಮಾಡೋ ದಿನ ನಿನ್ನ ಕಣ್ಣು ಒಣಗಿತ್ತು. ನಿನಗೆ ಗೆಳೆಯ ಅಂದ್ರೆ ಪ್ರೀತಿ ಇತ್ತೋ ಇಲ್ವೋ ಅಂತ ನಮಗೂ ಸಂಶಯ ಇತ್ತು."

ಇದು ಎಣ್ಣೆಯ ಉರಿ ಎನ್ನಲು ವಾಂಬೋ ಬಾಯಿ ತೆರೆಯುವಷ್ಟರಲ್ಲಿ ಮೆಗ್ನೆ ಹಿಂದಿನಿಂದ ಚಿವುಟಿದಳು. "ಸುಮ್ನೆ ಅಳ್ರೀ."

ಏಳನೆಯ ಕಾಯಿಗೆ ನಾಲಿಗೆ ಮರಗಟ್ಟಿ ಉರಿ ತಿಳಿಯದಾಯಿತು. ಕಣ್ಣೀರು ನಿಲ್ಲಲಿಲ್ಲ. ನೂಬಿಸಿ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಎನ್ನಿಸಿ ಇನ್ನಷ್ಟು ಬಂತು.

ಎಂಟನೆಯ ಹಿರಿಯ ತನ್ನ ಕಾಯಿಯನ್ನು ಮುಂದೆ ಚಾಚಿದ.