ಕಾಣದ ಮಷಿನ್ನೂ ಕೈ ಹಾಕಿದ ಮೇಷ್ಟ್ರೂ

ನಮ್ಮ ಮನೆಯಲ್ಲಿ ಮಷಿನ್ ಅಂದರೆ ಹೊಲಿಗೆ ಮಷಿನ್. ಬೇರೆ ಯಾವುದಕ್ಕೂ ಆ ಪದವಿ ಇಲ್ಲ. ಬಟ್ಟೆ ಒಗೆಯುವುದನ್ನು ‘ಅದು’ ಅನ್ನುತ್ತಾರೆ, ನನ್ನನ್ನು ‘ಇವರು’ ಅನ್ನುತ್ತಾರೆ. (ನಾನು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಅಲ್ಲಿ ಸ್ವಲ್ಪ ಗೌರವ ಇದೆ.)

ಹೀಗಿರುವಾಗ ಒಂದು ಭಾನುವಾರ ನನ್ನ ಹೆಂಡತಿ, “ರೀ, ನನಗಿನ್ನೊಂದು ಮಷಿನ್ ಬೇಕು. ವರ್ಚುವಲ್ ಮಷಿನ್” ಅಂದಳು.

ಅವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ದಿನಕ್ಕೆ ನಲವತ್ತು ಸಲ ಫೋನು: “ನಮ್ಮ ಬಟ್ಟೆ ಆಯ್ತಾ?” ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಇವಳು “ಹ್ಞೂಂ” ಅನ್ನುತ್ತಾಳೆ. ಅದನ್ನೇ ನಂಬಿ ಗಿರಾಕಿಗಳು ಬಂದುಬಿಡುತ್ತಾರೆ. ಬಟ್ಟೆ ಇನ್ನೂ ಕತ್ತರಿಯನ್ನೇ ಕಂಡಿರುವುದಿಲ್ಲ. ಬೇಸತ್ತು, ಗಿರಾಕಿಗಳು ತಮ್ಮ ನಂಬರು ಒತ್ತಿ ‘ಸಿದ್ಧ’, ‘ಸಿದ್ಧವಿಲ್ಲ’ ಅಂತ ತಾವೇ ನೋಡಿಕೊಳ್ಳುವ ವೆಬ್ ಅಪ್ಲಿಕೇಶನ್ ಮಾಡುತ್ತೇನೆಂದು ಭಾನುವಾರದ ತರಗತಿಗೆ ಸೇರಿದ್ದಳು.

“ಕಲಿಯೋರ ಕೈ ತಪ್ಪತ್ತಂತೆ. ಅದಕ್ಕೆ ಕಂಪ್ಯೂಟರ್ ಒಳಗೇ ಇನ್ನೊಂದು ಸುಳ್ಳು ಕಂಪ್ಯೂಟರ್ ಮಾಡ್ಕೋಬೇಕಂತೆ. ಅದು ಕೆಟ್ರೂ ಹೊರಗಿನದಕ್ಕೆ ಏನೂ ಆಗಲ್ಲ ಅಂದ್ರು ಟೀಚರು.”

ಮೂಲೆಯಲ್ಲಿ ಗುಂಡಿಗಳನ್ನು ಬಣ್ಣದ ಪ್ರಕಾರ ಆರಿಸುತ್ತಿದ್ದ ನಮ್ಮಮ್ಮ ತಲೆ ಎತ್ತಿದರು. “ಇನ್ನೊಂದು ಮಷಿನ್ನಾ? ಎಲ್ಲಿಡ್ತೀರಿ?”

“ಅದು ಕಣ್ಣಿಗೆ ಕಾಣಲ್ಲ ಅಮ್ಮ” ಅಂದೆ.

“ಕಾಣದ ಮಷಿನ್ನಿಗೆ ಎಣ್ಣೆ ಎಲ್ಲಿಗೋ ಬಿಡೋದು?”

ನಾನು ಎದೆಯುಬ್ಬಿಸಿ ಹೆಂಡತಿಗೆ, “ನೀನು ಹೊಲಿ. ಈ ಮಹಾಯಜ್ಞ ನನಗೆ ಬಿಡು” ಅಂದೆ. ಶಾಲೆಯಲ್ಲಿ ಅಂಕಪಟ್ಟಿಯನ್ನು ಕಂಪ್ಯೂಟರಿನಲ್ಲಿ ತಯಾರಿಸುವವನು ನಾನೇ. ಸ್ಟಾಫ್ ರೂಮಿನಲ್ಲಿ ನನ್ನನ್ನು ಪಂಡಿತ ಅಂತಲೇ ತಿಳಿದಿದ್ದಾರೆ.

ಸುಳ್ಳು ಕಂಪ್ಯೂಟರ್ ಕಟ್ಟಿಕೊಡುವ ತಂತ್ರಾಂಶ ಬಲು ಮರ್ಯಾದಸ್ಥ. ಒಳಗೆ ಬರುವ ಯಂತ್ರಕ್ಕೆ ‘ಅತಿಥಿ’ ಅಂತಲೇ ಹೆಸರು. ಇರುವ ಎಂಟು ಭಾಗ ಮೆಮೊರಿಯಲ್ಲಿ ಅತಿಥಿಗೆಷ್ಟು ಅಂತ ಕೇಳಿತು. ಸತ್ಕಾರದಲ್ಲಿ ಜಿಪುಣತನ ಯಾಕೆಂದು ಏಳು ಕೊಟ್ಟೆ. ಕಂಪ್ಯೂಟರು ಒಂದು ಸಲ ನಿಟ್ಟುಸಿರು ಬಿಟ್ಟು ಕಲ್ಲಾಯಿತು. ಎರಡು ಸಂಜೆ ಅದರ ಮುಂದೆ ಬೆವರಿದೆ.

“ಯಾಕೋ, ಏನಾಯ್ತು?” ಅಂದರು ಅಮ್ಮ. ವಿವರಿಸಿದೆ.

“ಅಲ್ವೋ, ಬಂದ ನೆಂಟರಿಗೆ ಏಳು ಕೋಣೆ ಕೊಟ್ಟು ಮನೆಯವರೆಲ್ಲ ಒಂದರಲ್ಲಿ ನಿಂತ್ಕೊಂಡ್ರೆ ಉಸಿರು ಕಟ್ಟಲ್ವಾ?”

ಅರ್ಧಕ್ಕೆ ಇಳಿಸಿದೆ. ಓಡಿತು. (ಹೆಂಡತಿಗೆ ಈ ಸಲಹೆಯ ಮೂಲ ಹೇಳಲಿಲ್ಲ.) ಕೊನೆಗೆ ಸ್ನ್ಯಾಪ್‌ಶಾಟ್ ಅನ್ನುವುದನ್ನೂ ತೆಗೆದಿಟ್ಟೆ. ಮುಂದೆ ಏನೇ ಕೆಟ್ಟರೂ ಒಂದು ಗುಂಡಿ ಒತ್ತಿದರೆ ಅತಿಥಿ ಇವತ್ತಿನ ಸ್ಥಿತಿಗೇ ಮರಳುತ್ತಾನೆ.

ಮೂರು ವಾರ ಅವಳು ದಿನಾ ಮಧ್ಯಾಹ್ನ ಹೊಲಿಗೆ ನಿಲ್ಲಿಸಿ ಎರಡು ಗಂಟೆ ಅದರ ಮುಂದೆ ಕೂತಳು. ನಾನು ಶಾಲೆಯಿಂದ ಬಂದ ಕೂಡಲೇ, “ರೀ, ಇಲ್ಲಿ ನೋಡಿ, ನಂಬರ್ ಒತ್ತಿದ್ರೆ ಹೆಸರು ಬರತ್ತೆ!” ಅನ್ನುವಳು. ನಾನು ಉತ್ತರಪತ್ರಿಕೆಯಿಂದ ತಲೆ ಎತ್ತದೆ “ಹ್ಞೂಂ” ಅನ್ನುವೆ. ನನ್ನ ಬಾಯಲ್ಲಿ ಪಿನ್ನಿರಲಿಲ್ಲ.

ಭಾನುವಾರ ಅವಳು ಅದನ್ನು ತರಗತಿಯ ಮುಂದೆ ತೋರಿಸಬೇಕಿತ್ತು. ಶನಿವಾರ ಮಧ್ಯಾಹ್ನ ಅವಳು ಅಸ್ತರಿನ ಬಟ್ಟೆ ತರಲು ಹೋದಾಗ ನನ್ನೊಳಗಿನ ಪಂಡಿತ ಎಚ್ಚೆತ್ತ. ಅತಿಥಿ ಯಾಕೋ ನಿಧಾನವಾಗಿದ್ದಾನಲ್ಲ, ಸ್ವಲ್ಪ ಚೊಕ್ಕ ಮಾಡಿಟ್ಟರೆ ಖುಷಿಪಡುತ್ತಾಳೆ ಅಂದುಕೊಂಡೆ. ಸ್ನ್ಯಾಪ್‌ಶಾಟಿಗೆ ಮರಳುವ ಗುಂಡಿ ಒತ್ತಿದೆ. ‘ಈಗಿನ ಸ್ಥಿತಿಯನ್ನೂ ಉಳಿಸಿಡಲೇ?’ ಅಂತ ಅದು ಪಾಪ ಕೇಳಿಯೇ ಕೇಳಿತು. ಯಾಕೆ ಸುಮ್ಮನೆ ಜಾಗ ದಂಡ ಅಂತ ‘ಬೇಡ’ ಅಂದೆ.

ಅತಿಥಿ ಹೊಸ ಮದುಮಗನ ಹಾಗೆ ಥಳಥಳ ಹೊಳೆಯುತ್ತ ಎದ್ದ. ಮೂರು ವಾರದ ಕೆಲಸ ಮಾತ್ರ ಎಲ್ಲೂ ಇರಲಿಲ್ಲ.

ಹೆದರಿಹೋದೆ. ಅವಳು ಬರುವಷ್ಟರಲ್ಲಿ ನಾನೇ ಮತ್ತೆ ಕಟ್ಟಿಬಿಡುತ್ತೇನೆಂದು ಅವಳ ನೋಟುಪುಸ್ತಕ ತೆಗೆದು ಕೂತೆ. ಪುಟ ಹೇಗಿತ್ತು? ಶೀರ್ಷಿಕೆ ಏನಿತ್ತು? ಗುಂಡಿ ಎಡಕ್ಕಿತ್ತೋ ಬಲಕ್ಕಿತ್ತೋ? ಎಷ್ಟು ತಲೆ ಕೆರೆದರೂ ನೆನಪಾಗಲಿಲ್ಲ. ಮರೆತಿದ್ದರೆ ತಾನೇ ನೆನಪಾಗುವುದು? ನಾನು ಒಂದು ದಿನವೂ ನೋಡಿಯೇ ಇರಲಿಲ್ಲ. ದೇಶದೇಶಗಳ ನದಿಗಳನ್ನು ಕಣ್ಣು ಮುಚ್ಚಿ ಬಿಡಿಸುವ ಮನುಷ್ಯನಿಗೆ, ಹತ್ತು ಹೆಜ್ಜೆ ಆಚೆ ಕೂತವಳು ಮೂರು ವಾರ ಏನು ಮಾಡಿದಳೆಂದು ಗೊತ್ತಿರಲಿಲ್ಲ. ಭಯ ಇಳಿದು ಬೇರೇನೋ ಏರಿತು. ಅದನ್ನು ನಾಚಿಕೆ ಅಂತಲೇ ಹೇಳಬೇಕು.

ಚಪ್ಪಲಿಯ ಸದ್ದಾಯಿತು. ಎದ್ದು ನಿಂತು, ತಪ್ಪು ಮಾಡಿದ ಎಂಟನೇ ಕ್ಲಾಸಿನ ಹುಡುಗನ ಹಾಗೆ ಎಲ್ಲ ಒಪ್ಪಿಕೊಂಡೆ. “ನೀನು ಮಾಡಿದ್ದೆಲ್ಲ ಹೋಯ್ತು ಕಣೇ. ನಾನೇ ಅಳಿಸಿಬಿಟ್ಟೆ.”

ಅವಳು ಚೀಲ ಕೆಳಗಿಟ್ಟಳು. ನನ್ನನ್ನು ನೋಡಿದಳು. “ಮತ್ತೆ ಕಟ್ಟೋಕೆ ಕೂತಿದ್ರಾ?”

“ಹೂಂ. ಆಗಲಿಲ್ಲ. ಅದು ಹೇಗಿತ್ತು ಅಂತ ನಂಗೊತ್ತಿಲ್ಲ.”

ಒಂದು ಕ್ಷಣ ಅವಳ ಮುಖ ಸಣ್ಣಗಾಯಿತು. ಅಳಿಸಿದ್ದಕ್ಕಿಂತ ಅದೇ ಹೆಚ್ಚು ನೋಯಿಸಿತೇನೋ. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. “ದಿನಾ ಸಂಜೆ ಒಂದು ಪ್ರತಿ ತರಗತಿಯ ಕಂಪ್ಯೂಟರಿಗೆ ಕಳಿಸ್ತೀನಿ. ‘ಮನೇಲಿ ಕಂಪ್ಯೂಟರ್ ಬಲ್ಲೋರು ಯಾರಾದ್ರೂ ಇದ್ದಾರಾ?’ ಅಂತ ಟೀಚರ್ ಮೊದಲ ದಿನವೇ ಕೇಳಿದ್ರು. ಇದ್ದಾರೆ ಅಂದೆ. ಹಾಗಾದ್ರೆ ತಪ್ಪದೆ ಕಳಿಸಿ ಅಂದ್ರು.”

ಹತ್ತು ನಿಮಿಷದಲ್ಲಿ ಎಲ್ಲ ಮರಳಿತು. ಈ ಸಲ ಪಕ್ಕದಲ್ಲಿ ಕೂತು ನೋಡಿದೆ. ತಿಳಿನೀಲಿ ಪುಟ, ಅಂಚಿಗೆ ಹೊಲಿಗೆ ಹಾಕಿದಂಥ ಚುಕ್ಕಿಗೆರೆ. ಎಷ್ಟು ಅಚ್ಚುಕಟ್ಟು! ಪರೀಕ್ಷೆಗೆಂದು ಒಬ್ಬ ಗಿರಾಕಿಯ ವಿವರ ತುಂಬಿದ್ದಳು: ‘ಮೇಷ್ಟ್ರು. ಸೊಂಟ: ಹೋದ ವರ್ಷ ಮೂವತ್ತಾರು, ಈ ವರ್ಷ ನಲವತ್ತು. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುತ್ತಾರೆ, ನಂಬಬಾರದು.’

“ಇದನ್ನ ಯಾರ್ಯಾರು ನೋಡಿದ್ದಾರೆ?” ಅಂದೆ.

“ಪ್ರತಿ ಅಲ್ಲೇ ಇರತ್ತಲ್ಲ, ತರಗತಿಯೋರೆಲ್ಲ. ಮೂವತ್ತು ಜನ. ನಿಮಗೂ ದಿನಾ ತೋರಿಸ್ತಿದ್ನಲ್ಲ, ಹ್ಞೂಂ ಅಂದ್ರಿ. ಒಪ್ಪಿಗೆ ಅಂದ್ಕೊಂಡೆ.”

ಮರುದಿನ ತರಗತಿ ಮೆಚ್ಚಿಕೊಂಡಿತು. ಸೋಮವಾರ ಅದನ್ನು ಗಿರಾಕಿಗಳಿಗೆ ತೆರೆದಿಟ್ಟ ಮೇಲೆ ಫೋನು ಅರ್ಧಕ್ಕಿಳಿಯಿತು. ನನಗೂ ಒಂದು ಖಾತೆ ತೆರೆದುಕೊಟ್ಟಳು. ಅಂದೇ ಸಂಜೆ ಕೂತು ಪ್ರತಿಯೊಂದು ಪುಟವನ್ನೂ ನೋಡುತ್ತ ಬಂದೆ. ಒಂದು ಕಡೆ ‘ರವಿಕೆ’ಗೆ ಬದಲು ‘ರವಿಕ’ ಅಂತಿತ್ತು. ಮೇಷ್ಟ್ರ ಕೈ ಸುಮ್ಮನಿರುತ್ತದೆಯೇ? ತಿದ್ದಲು ಒತ್ತಿದೆ. ಕೆಂಪಕ್ಷರ ಎದ್ದಿತು: ‘ನಿಮಗೆ ನೋಡಲು ಮಾತ್ರ ಅನುಮತಿ ಇದೆ.’

ಮುಂದಿನ ಕೋಣೆಯಲ್ಲಿ ಅವಳ ಫೋನು ಟಿಣ್ ಅಂದಿತು, ಮಷಿನ್ ನಿಂತಿತು. “ರೀ, ಏನು ಮುಟ್ಟಿದ್ರಿ?”

“ಏನಿಲ್ಲ ಕಣೇ,” ಅಂದೆ ಕೈ ಹಿಂದಕ್ಕೆ ಕಟ್ಟಿಕೊಂಡು. “ನೋಡ್ತಾ ಇದ್ದೀನಿ.”