ಅತ್ತೆಯ ಸಮುದ್ರಕ್ಕೆ ನನ್ನ ಪರದೆ

ನಾನು ಅಳಿಯನಾಗಿ ಹನ್ನೆರಡು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಮ್ಮ ಅತ್ತೆಯ ಬಾಯಿಂದ ನನ್ನ ಬಗ್ಗೆ 'ಪರವಾಗಿಲ್ಲ' ಎಂಬ ಒಂದು ಮಾತೂ ಉದುರಿದ್ದಿಲ್ಲ. ಊರಿನ ಅರ್ಧ ಕಿಟಕಿಗಳಿಗೆ ಪರದೆ ಹೊಲಿದು ತೂಗುಹಾಕಿದ ಮಹಾಶಯ ನಾನು. ಅತ್ತೆ ಮಾತ್ರ ನಮ್ಮ ನಡುಮನೆಯ ಪರದೆ ತಡವಿ, "ಒಂದು ಬೆರಳು ಗಿಡ್ಡ" ಎನ್ನುತ್ತಾರೆ. (ಸುಳ್ಳು. ಅಳೆದಿದ್ದೇನೆ, ಅರ್ಧ ಬೆರಳು.)

ಕಳೆದ ತಿಂಗಳು ಅವರ ಕಣ್ಣಿನ ಪೊರೆ ತೆಗೆಸಿದೆವು. "ಗಾಳಿ, ಧೂಳು ತಾಗದ ಹಾಗೆ ನೋಡ್ಕೊಳ್ಳಿ" ಎಂದು ಡಾಕ್ಟರು ಕಪ್ಪು ಕನ್ನಡಕ ಕೊಟ್ಟರು.

"ನಾಲ್ಕು ವರ್ಷದಿಂದ ಎಲ್ಲಾ ಮಂಜುಮಂಜು. ನಂಗೆ ಸಮುದ್ರ ತೋರ್ಸಿ. ದೂರದ ನೋಟ ಬಂತೋ ಇಲ್ವೋ ಅಲ್ಲೇ ಗೊತ್ತಾಗ್ಲಿ" ಎಂದರು ಅತ್ತೆ. ದನಿ ನಡುಗಿತು. ಅವರಿಗೂ ಭಯವಾಗುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಪಾಪ ಅನ್ನಿಸಿತು. ಜೊತೆಗೆ 'ಪರವಾಗಿಲ್ಲ' ಗಿಟ್ಟಿಸಲು ಇದೇ ಸುಸಂದರ್ಭ ಎಂದೂ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಸಮುದ್ರದಂಡೆಯ ಪಾರ್ಕಿಗೆ ಹೋದೆವು. ಹುಲ್ಲುಹಾಸು ಮುಗಿದು ಮರಳು ಶುರುವಾಗುವಲ್ಲಿ ಒಂದು ಬೆಂಚು. ಅತ್ತೆ ಬಸ್ಸಿಳಿದಾಗಲೇ ಕಣ್ಣು ಮುಚ್ಚಿ, ಮಗಳ ಕೈ ಹಿಡಿದು ಬಂದು ಕೂತರು. "ಎಲ್ಲಾ ಸರಿಯಾದ್ಮೇಲೆ ಹೇಳಿ. ಆಗ್ಲೇ ಕನ್ನಡಕ ತೆಗೆದು ಕಣ್ಣು ಬಿಡೋದು."

ಗಾಳಿ ಜೋರಾಗಿತ್ತು. ನಾನು ಸುಮ್ಮನೆ ಬಂದಿರಲಿಲ್ಲ. ಎರಡು ಕಂಬ, ಹಗ್ಗ, ಅಂಗಡಿಯ ದಪ್ಪ ಕಂದುಬಣ್ಣದ ಬಟ್ಟೆ ಎಲ್ಲ ಹೊತ್ತು ತಂದಿದ್ದೆ. ಗಾಳಿ ಬರುವ ದಿಕ್ಕು ನೋಡಿ, ಕಂಬ ನೆಟ್ಟು, ನೆರಿಗೆ ಸಮೇತ ಪರದೆ ಕಟ್ಟಿದೆ.

"ರೀ, ಒಂದ್ನಿಮಿಷ..." ಎಂದಳು ಹೆಂಡತಿ.

"ಕೆಲಸದ ಹೊತ್ತಲ್ಲಿ ಮಾತಾಡಿಸ್ಬೇಡ."

"ಅಲ್ಲಾ ರೀ..."

"ಅತ್ತೆ, ಕಣ್ಣು ಬಿಡಿ!"

ಅತ್ತೆ ಕಪ್ಪು ಕನ್ನಡಕ ತೆಗೆದು ಕಣ್ಣು ಬಿಟ್ಟರು. ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದರು. "ಸಮುದ್ರದ ಸದ್ದು ಕೇಳ್ತಿದೆ, ಸಮುದ್ರ ಕಾಣ್ತಿಲ್ಲ ಕಣೇ. ಬರೀ ಕಂದು. ನನ್ ಕಣ್ಣು ಹೋಯ್ತು!"

"ಅಮ್ಮಾ, ಅದು ನಿನ್ ಕಣ್ಣಿನ ದೋಷ ಅಲ್ಲ, ನಿನ್ ಅಳಿಯಂದು!"

ಗಾಳಿ ಸಮುದ್ರದ ಕಡೆಯಿಂದಲೇ ಬರುತ್ತದೆಂದು ಆಗ ನನಗೆ ಹೊಳೆಯಿತು. ಓಡಿ ಹೋಗಿ ಹಗ್ಗ ಎಳೆದೆ. ಕಂಬ, ಬಟ್ಟೆ, ನಾನು, ಮೂವರೂ ಒಟ್ಟಿಗೆ ಮರಳಿಗೆ ಬಿದ್ದೆವು. ನೆರಿಗೆಯೊಳಗೆ ಸುತ್ತಿಕೊಂಡು ಮಲಗಿದ್ದ ನನಗೆ ಅತ್ತೆಯ ದನಿ ಮಾತ್ರ ಕೇಳಿಸುತ್ತಿತ್ತು.

"ಅಬ್ಬಾ! ಎಷ್ಟೊಂದು ನೀಲಿ! ಮೂರು ದೋಣಿ ಕಣೇ... ಕೊನೇದ್ರಲ್ಲಿ ಒಬ್ಬ ನಿಂತಿದಾನೆ, ಕೆಂಪಂಗಿ." ಅಮ್ಮ ಮಗಳು ಇಬ್ಬರೂ ಅಳುತ್ತಿದ್ದರು. ಬಟ್ಟೆಯೊಳಗೆ ನನಗೂ ಕಣ್ಣು ತುಂಬಿತು.

ಆಮೇಲೆ ಆ ಮಾತು ಬಂತು. "ಪರವಾಗಿಲ್ಲ ಅಳಿಯಂದ್ರು! ಮೊದಲು ಮುಚ್ಚಿಟ್ಟು ಹೆದರಿಸಿ, ಆಮೇಲೆ ಒಂದೇ ಸಲಕ್ಕೆ ತೆಗೆದು ತೋರ್ಸೋದು! ಏನ್ ತಲೆ!"

ವಾಕಿಂಗಿಗೆ ಬಂದವರು ಚಪ್ಪಾಳೆ ತಟ್ಟಿದರು. ನಿಜ ಹೇಳಲು ಬಾಯಿ ತೆರೆದೆ. ಬಾಯಿ ತುಂಬ ಮರಳಿತ್ತು.

"ಮುಂದಿನ ಭಾನುವಾರ ನನ್ನ ಮೂರು ಜನ ತಂಗೀರನ್ನೂ ಕರ್ಕೊಂಡ್ಬರ್ತೀನಿ. ಹೀಗೇ ತೋರ್ಸಿ. ಕೊನೇಲಿ ಬೀಳೋದನ್ನ ಮಾತ್ರ ಬಿಡ್ಬೇಡಿ."

ಹಾಗಾಗಿ ಈ ವಾರವೆಲ್ಲ ನಡುಮನೆಯಲ್ಲಿ ಬೀಳುವ ತಾಲೀಮು ನಡೆಯುತ್ತಿದೆ. ನಿನ್ನೆ ಆರನೇ ಸಲ ಬಿದ್ದು ಸೊಂಟ ಹಿಡಿದುಕೊಂಡಿದ್ದಾಗ, ಅತ್ತೆ ಕಿಟಕಿಯನ್ನೇ ನೋಡುತ್ತ ಹೇಳಿದರು:

"ಅಳಿಯಂದ್ರೇ, ಇಷ್ಟು ದಿನ ತಪ್ಪು ಹೇಳ್ದೆ. ಆ ಪರದೆ ಒಂದು ಬೆರಳು ಗಿಡ್ಡ ಅಲ್ಲ. ಅರ್ಧ ಬೆರಳು."