ಗಂಗಣ್ಣನ ಎಡಸುತ್ತು

ರಾಜಘಟ್ಟದ ಗಂಗಣ್ಣನ ಎಡಮಂಡಿ ಕೆಟ್ಟದ್ದು ಅವನ ತಾಯಿ ಮುನಿತಾಯಮ್ಮನ ದೈವಭಕ್ತಿಯಿಂದ. ಹೀಗೆಂದರೆ ಆ ಪುಣ್ಯಾತ್ಗಿತ್ತಿಯ ಮೇಲೆ ಚಾಡಿ ಹೇಳಿದಂತಾಗುತ್ತದೆ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ದೊಡ್ಡಬಳ್ಳಾಪುರದ ಬಸ್ಸು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಏರು ಸಿಕ್ಕಲ್ಲೆಲ್ಲ ಕೂತವರ ಕೈಲೇ ತಳ್ಳಿಸಿಕೊಂಡು ಓಡಾಡುತ್ತಿತ್ತು. ಅದನ್ನು ನಂಬಿ ಟಪಾಲು ಕಳಿಸುವವರು ಯಾರು? ಟಪಾಲು ಬರುತ್ತಿದ್ದದ್ದು ರನ್ನರ್ ಪಿಳ್ಳಣ್ಣನ ಹೆಗಲ ಮೇಲೆ. ಖಾಕಿ ಕೋಟು, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ, ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಕೆರೆ ಏರಿಯ ಮೇಲೆ ಆ ಗೆಜ್ಜೆ ಸದ್ದು ಕೇಳಿಸಿದರೆ ಸಾಕು, ಮಗನನ್ನು ಮಿಲಿಟರಿಗೆ ಕಳಿಸಿದ ತಾಯಂದಿರು ರಾಗಿ ಬೀಸುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಆ ಸದ್ದು ಈಗೆಲ್ಲಿ ಬರಬೇಕು? ಕೇಳಿದವರೂ ಬಹಳ ಮಂದಿ ಉಳಿದಿಲ್ಲ. ಉಳಿದವರನ್ನು ಕೇಳಿ ನೋಡಿ, ಇವತ್ತಿಗೂ ಅವರ ಕಿವಿಯಲ್ಲಿ ಅದು ಇದೆ.

ಪಿಳ್ಳಣ್ಣನಿಗೆ ವಯಸ್ಸಾಯಿತು. ಅವನ ಜಾಗಕ್ಕೆ ಇಬ್ಬರು ಕಣ್ಣು ಹಾಕಿದರು. ಒಬ್ಬ ನಮ್ಮ ಗಂಗಣ್ಣ, ಇನ್ನೊಬ್ಬ ಮೇಲಿನ ಬೀದಿಯ ಬೈರಪ್ಪ. ಟಪಾಲು ಇನ್‌ಸ್ಪೆಕ್ಟರು ತಾವೇ ಬಂದು ಇಬ್ಬರ ಹೆಗಲಿಗೂ ಚೀಲ ಹೊರಿಸಿ, ಊರಿನಿಂದ ಕೆರೆಕೋಡಿಯವರೆಗೆ ಓಡಿಸಿ, ಗೆದ್ದವನಿಗೆ ಕೆಲಸ ಕೊಡುತ್ತಾರೆಂದು ಗೊತ್ತಾಯಿತು.

ಬೈರಪ್ಪನಿಗೆ ಬೇಕಾಗಿದ್ದದ್ದು ಬರಿಯ ಕೆಲಸ. ಗಂಗಣ್ಣನಿಗೆ ಬೇಕಾಗಿದ್ದದ್ದು ಹತ್ತಿರದ ಮಧುರೆ ಹಳ್ಳಿಯ ಸೋದರಮಾವ ಅಪ್ಪಯ್ಯಣ್ಣನ ಮಗಳು ಆದಿಲಕ್ಷ್ಮಿ. ಹಿಂದೊಮ್ಮೆ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಆ ಹುಡುಗಿ ತಲೆ ಎತ್ತದೆ, ಮಾತಾಡದೆ, ಕೇಳದಿದ್ದರೂ ಅವನ ತಣಿಗೆಗೆ ಇನ್ನೊಂದು ಮುದ್ದೆ ಹಾಕಿ ಹೋಗಿದ್ದಳು. ಆ ಒಂದು ಮುದ್ದೆಯ ಮೇಲೆ ಗಂಗಣ್ಣ ಅಲ್ಲಿಂದೀಚೆಗೆ ಬದುಕಿಕೊಂಡಿದ್ದ. ಆದರೆ ಮಾವ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಎದೆ ಮೇಲೆ ಸರ್ಕಾರದ ಬಿಲ್ಲೆ ಬರ್ಲಿ, ಹೆಣ್ಣು ಕೊಡ್ತೀನಿ. ಬರ್ಲಿಲ್ವಾ, ನಾನು ಬೇರೆ ಕಡೆ ನೋಡ್ಕೊಂತೀನಿ."

ಗಂಗಣ್ಣ ಓಟದ ಅಭ್ಯಾಸಕ್ಕೆ ನಿಂತ. ಆಗಲೇ ತಾಯಿ ಬಾಯಿ ಹಾಕಿದ್ದು.

"ಹೆಂಗೂ ಓಡ್ತೀಯಲ್ಲಪ್ಪಾ, ಬರೀ ಏರಿ ಮೇಲೆ ಓಡಿ ಏನು ಬಂತು? ಆಂಜನೇಯನ ಗುಡಿ ಸುತ್ತ ಓಡು. ಅಭ್ಯಾಸನೂ ಆಯ್ತದೆ, ಪ್ರದಕ್ಷಿಣೆನೂ ಆಯ್ತದೆ."

ತಾಯಿಯ ಮಾತು ಕೇಳುವ ಮಗ. ದಿನಾ ಬೆಳಗಾದರೆ ಗಾಣದ ಎತ್ತಿನ ಹಾಗೆ ಗುಡಿ ಸುತ್ತಿದ. ಸುಗ್ಗಿ ಮುಗಿಯುವ ಹೊತ್ತಿಗೆ ಪುಣ್ಯ ಎಷ್ಟು ಬಂತೋ ದೇವರಿಗೇ ಗೊತ್ತು, ಎಡಮಂಡಿಯ ಹೊರಮಗ್ಗುಲಿಗೆ ನೋವಂತೂ ಬಂತು. ಓಟ ಶುರುಮಾಡಿದಾಗ ಏನೂ ಇಲ್ಲ. ಸ್ವಲ್ಪ ದೂರ ಹೋದರೆ ಯಾರೋ ಪಕ್ಕದಿಂದ ಮೊಳೆ ಹೊಡೆದಂತೆ. ಇಳಿಜಾರಿನಲ್ಲಿ ಇಳಿಯುವಾಗ ಜೀವ ಹೋಗಿ ಬರುತ್ತಿತ್ತು. ಹೇಳಿಕೊಳ್ಳುವಂತೆಯೂ ಇಲ್ಲ. ತಾಯಿಗೆ ಹೇಳಿದರೆ ಪಕ್ಕದ ಮನೆ ಅಕ್ಕಯ್ಯಮ್ಮನಿಗೆ ಹೇಳಿದಂತೆ, ಅಕ್ಕಯ್ಯಮ್ಮನಿಗೆ ಹೇಳಿದರೆ ತಮಟೆ ಹೊಡೆಸಿ ಸಾರಿದಂತೆ. ಮಂಡಿ ನೋವಿರುವವನನ್ನು ಯಾವ ಇನ್‌ಸ್ಪೆಕ್ಟರು ರನ್ನರ್ ಮಾಡುತ್ತಾನೆ? ಹುಲ್ಲು ಮಾರುವ ನೆಪ ಹೇಳಿ ದೊಡ್ಡಬಳ್ಳಾಪುರಕ್ಕೆ ಹೋಗಿ, ಡಾಕ್ಟರಿಗೆ ಗುಟ್ಟಾಗಿ ಮಂಡಿ ತೋರಿಸಿದ.

ಡಾಕ್ಟರು ಮಂಡಿಯ ಹೊರಗಡೆ ಹೆಬ್ಬೆರಳಿಟ್ಟು ಒತ್ತಿದರು. ಗಂಗಣ್ಣ ಹಲ್ಲು ಕಚ್ಚಿದ.

"ದಿನಾ ಎಲ್ಲಿ ಓಡ್ತೀಯಪ್ಪಾ?"

"ಗುಡಿ ಸುತ್ತ ಸಾ."

"ಯಾವಾಗಲೂ ಒಂದೇ ಕಡೆಗೋ?"

"ದೇವ್ರನ್ನ ಇನ್ಯಾವ ಕಡೆಗೆ ಸುತ್ತೋದು ಸಾ? ಬಲಕ್ಕೇ."

"ಅಲ್ಲೇ ಇರೋದು ನೋಡು. ಸೊಂಟದಿಂದ ಮಂಡಿ ಕೆಳಗಿನವರೆಗೆ ಹೊರಮಗ್ಗುಲಲ್ಲಿ ಒಂದು ಪಟ್ಟಿ ಇದೆ. ಒಂದೇ ಕಡೆ ತಿರುಗಿ ತಿರುಗಿ ಅದು ಮೂಳೆಗೆ ಉಜ್ಜಿಕೊಂಡು ಕೆರಳಿದೆ. ಸ್ವಲ್ಪ ದಿನ ಓಡಬೇಡ. ತಣ್ಣೀರು ಹಾಕು. ಮಗ್ಗುಲಾಗಿ ಮಲಗಿ ಕಾಲು ಎತ್ತಿ ಇಳಿಸು, ಸೊಂಟ ಗಟ್ಟಿಯಾದರೆ ಮಂಡಿ ಮೇಲಿನ ಭಾರ ಇಳಿಯುತ್ತೆ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಓಡು. ಆದರೆ ಈ ಸಲ ಎಡಕ್ಕೆ ಸುತ್ತು."

"ಎಡಸುತ್ತಾ ಸಾ? ಅದು ಹೆಣಾನ ಸುತ್ತೋದಲ್ವಾ?"

"ಮಂಡಿಗೆ ಅದೆಲ್ಲ ಗೊತ್ತಾಗಲ್ಲಪ್ಪಾ" ಎಂದು ಡಾಕ್ಟರು ಮುಂದಿನವನನ್ನು ಕರೆದರು.

ಗಂಗಣ್ಣ ಹೇಳಿದ್ದೆಲ್ಲ ಮಾಡಿದ. ಮಗ್ಗುಲಾಗಿ ಮಲಗಿ ಕಾಲೆತ್ತುವಾಗ ಒಂದು ಸಲ ತಾಯಿ ನೋಡಿ, "ಯಾಕ್ಲಾ ಮಗಾ, ಒದೆಯೋ ಹಸ ಆಡ್ದಂಗೆ ಆಡ್ತೀಯ?" ಎಂದು ಆಂಜನೇಯನ ಕುಂಕುಮ ತಂದು ಹಣೆಗೆ ಹಚ್ಚಿದಳು. ನೋವು ದಿನೇ ದಿನೇ ತಗ್ಗಿತು. ಉಳಿದದ್ದು ಎಡಸುತ್ತು ಒಂದೇ. ಆಂಜನೇಯನಿಗೆ ಅದನ್ನು ಮಾಡುವ ಧೈರ್ಯ ಯಾರಪ್ಪನಿಗೂ ಇಲ್ಲ. ಅದಕ್ಕೇ ಅವನು ಯಾರೂ ಬಾರದ ಜಾಗ ಹುಡುಕಿ, ಕೆರೆಯ ಹಿಂದೆ ಸ್ಮಶಾನದ ಅಂಚಿನಲ್ಲಿದ್ದ ಒಂಟಿ ಹೊಂಗೆಮರವನ್ನು ಗೊತ್ತು ಮಾಡಿಕೊಂಡ.

ಪರೀಕ್ಷೆಯ ದಿನ ಬಂತು. ಮುನಿತಾಯಮ್ಮ ಹಿಂದಿನ ದಿನವೇ, ತಮ್ಮನ ಮನಸ್ಸು ಮೆತ್ತಗೆ ಮಾಡುತ್ತೇನೆಂದು ಮಧುರೆಗೆ ಹೋಗಿದ್ದಳು. ಗಂಗಣ್ಣ ಬೆಳಕು ಹರಿಯುವ ಮುಂಚೆ ಎದ್ದು, ಮಂಡಿಗೆ ಹುಯ್ದುಕೊಳ್ಳಲು ಕೆರೆಯ ತಣ್ಣೀರನ್ನು ಒಂದು ಹಳೆಯ ಮಡಕೆಯಲ್ಲಿ ತುಂಬಿ, ಎಡ ಹೆಗಲ ಮೇಲಿಟ್ಟುಕೊಂಡು ಹೊಂಗೆಮರ ಸುತ್ತತೊಡಗಿದ. ಚೀಲ ಹೊತ್ತು ಓಡುವ ಅಭ್ಯಾಸವೂ ಆಗಲಿ ಎಂದು ಅವನ ಲೆಕ್ಕ. ಮಡಕೆ ಸೀಳು ಬಿಟ್ಟಿತ್ತು. ಸುತ್ತಿದ ಕಡೆಯೆಲ್ಲ ನೀರು ಧಾರೆಯಾಗಿ ಸುರಿದು ಪಂಚೆ ತೊಪ್ಪೆಯಾಯಿತು. ಮಂಡಿ ಮಾತ್ರ ತೆಪ್ಪಗಿತ್ತು. ಗಂಗಣ್ಣನಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಅದೂ ಬಂದೇಬಿಟ್ಟಿತು.

ಕೆರೆ ಕಡೆಗೆ ಬಂದಿದ್ದ ಅಕ್ಕಯ್ಯಮ್ಮ ಲಂಟಾನ ಪೊದೆಯ ಹಿಂದಿನಿಂದ ಇದನ್ನು ನೋಡಿದಳು. ಸ್ಮಶಾನ. ಒದ್ದೆ ಪಂಚೆ. ಹೆಗಲ ಮೇಲೆ ಸೋರುವ ಮಡಕೆ. ಎಡಸುತ್ತು. ಕಣ್ಣಲ್ಲಿ ನೀರು. ತಾಯಿ ಊರಲ್ಲಿಲ್ಲ. ಇನ್ನೇನು ಬೇಕು ಆಕೆಗೆ? ತಂದ ಚೊಂಬು ಅಲ್ಲೇ ಬಿಟ್ಟು ಊರಿಗೆ ಓಡಿದಳು.

ಗಂಗಣ್ಣ ಮನೆಗೆ ಬರುವ ಹೊತ್ತಿಗೆ ಜಗಲಿಯ ತುಂಬ ಜನ. ಅಳುವವರು ಅಳುತ್ತಿದ್ದರು, ಆದರೆ ಅಳುವಿಗಿಂತ ಸಿಟ್ಟೇ ಹೆಚ್ಚಾಗಿತ್ತು.

"ನಾವೇನು ಸತ್ತೋಗಿದ್ವೇನಪ್ಪಾ?" ಎಂದು ಊರ ಹಿರಿಯ ಚಿಕ್ಕವೆಂಕಟಪ್ಪ ಶುರುಮಾಡಿದ. "ನಮ್ಗೊಂದು ಮಾತು ಹೇಳ್ದೆ ತಾಯಿನ ಮಣ್ಣು ಮಾಡ್ಬಿಟ್ಯಲ್ಲೋ. ಹೆಗಲು ಕೊಡಕ್ಕೆ ಊರಲ್ಲಿ ಗಂಡಸರು ಇರ್ಲಿಲ್ವಾ?"

ಗಂಗಣ್ಣನಿಗೆ ತಲೆಬುಡ ತಿಳಿಯಲಿಲ್ಲ. "ನಮ್ಮವ್ವಂಗೇನಾಗೈತೆ? ಮಧುರೆಲಿ ಗಟ್ಟಿಮುಟ್ಟಾಗಿ ಅವ್ಳೆ."

"ಪಾಪ, ಮುಂಡೇದು, ದುಃಖಕ್ಕೆ ತಲೆ ನಿಂತಿಲ್ಲ" ಎಂದು ಅಕ್ಕಯ್ಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ನನ್ನ ಕಣ್ಣಾರೆ ನೋಡಿವ್ನಿ. ಎಡಸುತ್ತು ಸುತ್ತುತಿದ್ದ."

"ಸುತ್ತಿದ್ಯೇನಲಾ?"

"ಸುತ್ತಿದ್ದೆ."

"ಯಾಕೆ?"

ಗಂಗಣ್ಣ ಬಾಯಿ ತೆರೆದ. ಎದುರಿಗೇ ಬೈರಪ್ಪ ನಿಂತಿದ್ದ. ತೆರೆದ ಬಾಯಿ ಮುಚ್ಚಿ, "ಸುಮ್ನೆ" ಎಂದ.

"ಸುಮ್ನೆ ಯಾರಾದ್ರೂ ಮಸಣದಲ್ಲಿ ಎಡಸುತ್ತು ಸುತ್ತುತಾರೇನಪ್ಪಾ?" ಎಂದ ಬೈರಪ್ಪ. ಅವನ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾದ ಕನಿಕರವೇ ಇತ್ತು. ಅದೇ ಇನ್ನೂ ತಾಳಲಾರದ್ದು.

ಅಷ್ಟರಲ್ಲಿ ಕ್ಷೌರದ ಲಕ್ಷ್ಮಯ್ಯ ಪೆಟ್ಟಿಗೆ ಸಮೇತ ಬಂದು ಕತ್ತಿ ಮಸೆಯಲು ಕೂತ. ಇಬ್ಬರು ಗಂಗಣ್ಣನ ತೋಳು ಹಿಡಿದು ಮಣೆಯ ಮೇಲೆ ಕೂರಿಸಿದರು. ಮೀಸೆಯ ಒಂದು ಮಗ್ಗುಲು ಹೋಯಿತು. ಇನ್ನೊಂದಕ್ಕೆ ಕತ್ತಿ ಬರುವ ಹೊತ್ತಿಗೆ ಗಂಗಣ್ಣ ನಿರ್ಧಾರ ಮಾಡಿದ. ಕೆಲಸ ಹೋದರೆ ಹೋಗಲಿ, ಮಂಡಿಯ ವಿಷಯ ಹೇಳಿಬಿಡುವುದೇ ವಾಸಿ. "ತಡೀರಪ್ಪಾ, ನಿಜ ಹೇಳ್ತೀನಿ" ಎಂದು ಎದ್ದು ನಿಂತ.

ಸರಿಯಾಗಿ ಆಗಲೇ ಮಧುರೆಯ ದಾರಿಯಿಂದ ಮುನಿಸ್ವಾಮಿ ಬಂದ. ಸೋದರಮಾವ ಅಪ್ಪಯ್ಯಣ್ಣನ ಹೊಲಮನೆ ನೋಡಿಕೊಳ್ಳುವ ಆಳು. ಗಂಗಣ್ಣನ ಮುಖ ನೋಡದೆ, ನೆಲ ನೋಡಿಕೊಂಡು ಹೇಳಿದ: "ಗಂಗಣ್ಣಾ, ನಿಮ್ಮವ್ವ ತೀರ್ಕೊಂಬಿಟ್ರು ಕಣಪ್ಪಾ. ಬೇಗ ಬರ್ಬೇಕಂತೆ."

ಲಕ್ಷ್ಮಯ್ಯ ಕತ್ತಿ ಕೆಳಗಿಟ್ಟ. ಆಮೇಲೆ ಚಿಕ್ಕವೆಂಕಟಪ್ಪ ಮೆಲ್ಲಗೆ, "ಹಂಗಾದ್ರೆ ಇವ್ನು ಸುತ್ತಿದ್ದು ಆಯಮ್ಮ ಬದುಕಿದ್ದಾಗ್ಲೇ" ಎಂದ.

ಆ ಮಾತು ಗಂಗಣ್ಣನ ಎದೆಗೆ ನೆಟ್ಟಿತು. ಹೌದಲ್ಲ, ನಾನೇ ಸುತ್ತಿದೆ. ಹೆತ್ತವಳು ಬದುಕಿರುವಾಗಲೇ ಮಡಕೆ ಹೊತ್ತು ಸುತ್ತಿದೆ. ಒಂದು ಮಂಡಿಗಾಗಿ ಅವ್ವನನ್ನು ಕಳಿಸಿಬಿಟ್ಟೆ. ಇನ್‌ಸ್ಪೆಕ್ಟರು, ಬಿಲ್ಲೆ, ಆದಿಲಕ್ಷ್ಮಿ ಯಾವುದೂ ಅವನಿಗೆ ನೆನಪಿಗೆ ಬರಲಿಲ್ಲ. ಹಿಡಿದವರನ್ನು ಕೊಡವಿಕೊಂಡು, ಅರ್ಧ ಮೀಸೆಯಲ್ಲೇ ಮಧುರೆಯ ದಾರಿ ಹಿಡಿದು ಓಡಿದ.

ಎರಡು ಹರಿದಾರಿ ದೂರ. ಆ ಓಟವನ್ನು ಕಂಡವರು ವರ್ಷಗಟ್ಟಲೆ ಅದರ ಮಾತಾಡಿದರು. ಹಳ್ಳ ಹಾರಿದ, ಬದು ಹಾರಿದ, ಎದುರಿಗೆ ಬಂದ ಗಾಡಿಯ ಎತ್ತುಗಳೇ ಪಕ್ಕಕ್ಕೆ ಸರಿದವು. ಸಣ್ಣವನಿದ್ದಾಗ ಚಳಿಜ್ವರ ಬಂದು ಅವ್ವ ಇದೇ ದಾರಿಯಲ್ಲಿ ಅವನನ್ನು ಬೆನ್ನಿಗೆ ಕಟ್ಟಿಕೊಂಡು ನಡೆದಿದ್ದಳು. ಅದು ನೆನಪಾಗಿ ದಾರಿಯುದ್ದಕ್ಕೂ ಗೊಳೋ ಎಂದು ಅತ್ತ. ಮಧುರೆಯಲ್ಲಿ ಮೊಕ್ಕಾಂ ಮಾಡಿದ್ದ ಇನ್‌ಸ್ಪೆಕ್ಟರು ರಾಜಘಟ್ಟಕ್ಕೆಂದು ಸೈಕಲ್ಲಿನಲ್ಲಿ ಎದುರಿಗೆ ಬಂದರು. "ಯಾರಯ್ಯಾ ನೀನು?" ಎಂದು ಅವರು ಕೇಳಿ ಮುಗಿಸುವ ಮೊದಲೇ ಗಂಗಣ್ಣ ಮುಂದಿನ ತಿರುವು ದಾಟಿದ್ದ. ಮಂಡಿಯಲ್ಲಿ ನೋವಿನ ಸುಳಿವೂ ಇರಲಿಲ್ಲ. ಇದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಅಪ್ಪಯ್ಯಣ್ಣನ ಮನೆಯ ಮುಂದೆ ಚಟ್ಟವಿಲ್ಲ, ಬೆಂಕಿಯಿಲ್ಲ, ಜನವಿಲ್ಲ. ಜಗಲಿಯ ಮೇಲೆ ಮುನಿತಾಯಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ಬಂದ್ಯಾ ಮಗಾ? ಚೆನ್ನಾಗಿ ಅತ್ಯಾ?" ಎಂದು ಕೇಳಿದಳು.

ಗಂಗಣ್ಣ ಜಗಲಿಕಟ್ಟೆ ಹಿಡಿದುಕೊಂಡು ಕುಸಿದ.

ಮಾವ ಅಪ್ಪಯ್ಯಣ್ಣ ನೀರು ತಂದುಕೊಟ್ಟು ವಿಷಯ ಬಿಡಿಸಿ ಹೇಳಿದ. ನಿನ್ನೆ ಸಂಜೆ ಹಿತ್ತಲಲ್ಲಿ ಅಕ್ಕನ ತಲೆ ಮೇಲೆ ಕಾಗೆ ಕೂತುಬಿಟ್ಟಿತಂತೆ. ಕಾಗೆ ಮುಟ್ಟಿದರೆ ಏನು ಮಾಡಬೇಕೆಂದು ಯಾರಿಗೆ ಗೊತ್ತಿಲ್ಲ? ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ನಿಜವೆಂದು ನಂಬಿ ಅತ್ತರೆ ದೋಷ ಹೋಗುತ್ತದೆ. ರಾಜಘಟ್ಟದ ಜನಕ್ಕೂ ಇದು ಗೊತ್ತಿದ್ದದ್ದೇ. ಆದರೆ ಅವತ್ತು ಅವರು ಸುದ್ದಿ ಬರುವ ಮೊದಲೇ ನಂಬಿ ಕೂತಿದ್ದರು.

"ಬೇರೆ ಯಾರ್ಗಾದ್ರೂ ಕಳಿಸ್ಬೋದಾಗಿತ್ತಲ್ಲವ್ವಾ" ಎಂದ ಗಂಗಣ್ಣ, ಉಸಿರು ಸಿಕ್ಕ ಮೇಲೆ.

"ನಿನ್ನಷ್ಟು ಬಾಯ್ಬಿಟ್ಟು ನಂಗೆ ಇನ್ಯಾರಪ್ಪಾ ಅಳ್ತಾರೆ?" ಎಂದಳು ತಾಯಿ. ಗಂಗಣ್ಣ ಅವಳ ಮಡಿಲಲ್ಲಿ ತಲೆಯಿಟ್ಟು ಇನ್ನೊಂದು ಸಲ ಅತ್ತ. ಒಳಬಾಗಿಲಲ್ಲಿ ನಿಂತಿದ್ದ ಆದಿಲಕ್ಷ್ಮಿಯೂ ಕಣ್ಣೊರೆಸಿಕೊಂಡಳು. ಅವನ ಅರ್ಧ ಮೀಸೆಯನ್ನು ಕಂಡು ಆಮೇಲೆ ನಕ್ಕಳು ಕೂಡ. ತಾಯಿ ಅವನ ತಲೆ ನೇವರಿಸುತ್ತ, "ಅದ್ಸರಿ, ಇವತ್ತಲ್ವಾ ನಿನ್ನ ಪರೀಕ್ಷೆ?" ಎಂದಳು.

ಗಂಗಣ್ಣ ದಡಕ್ಕನೆ ಎದ್ದ. "ಬಿಲ್ಲೆ ತಗೊಂಡೇ ಬಾ ಅಳಿಯಾ, ಇವತ್ತೇ ಎಲೆಅಡಿಕೆ ಹಿಡ್ದುಬಿಡಾಣ" ಎಂದು ಮಾವ ಹಿಂದಿನಿಂದ ಕೂಗಿದ. ಅಳಿಯಾ ಎಂದು ಅವನು ಕರೆದದ್ದು ಅದೇ ಮೊದಲು.

ಅರ್ಧ ದಾರಿಯಲ್ಲಿ ಇನ್‌ಸ್ಪೆಕ್ಟರು ವಾಪಸು ಬರುತ್ತಿದ್ದರು. ಗಂಗಣ್ಣನನ್ನು ಕಂಡು ಸೈಕಲ್ಲಿಂದ ಇಳಿದೇಬಿಟ್ಟರು.

"ಬೆಳಿಗ್ಗೆ ಓಡಿದವನು ನೀನೇ ತಾನೆ? ನನ್ನ ಸರ್ವೀಸಿನಲ್ಲಿ ಅಂಥಾ ಓಟ ನೋಡಿಲ್ಲ ಕಣಯ್ಯಾ. ಊರಿಗೆ ಹೋದವನೇ, ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಆ ಹುಡುಗನಿಗೇ ಕೆಲಸ, ಅವನು ಬರೋವರೆಗೆ ಕಾಯ್ತೀನಿ ಅಂದೆ."

"ಬಂದೆ ಸಾ, ಬಂದ್ಬಿಟ್ಟೆ" ಎಂದು ಗಂಗಣ್ಣ ಕೈಮುಗಿದ.

"ಆದರೆ ನಿಮ್ಮೂರಿನವರು ಬಹಳ ಒಳ್ಳೆ ಜನಪ್ಪಾ. ಕಾಲು ಹಿಡಿದುಕೊಂಡರು. ತಾಯಿ ಕಳಕೊಂಡಿದ್ದಾನೆ, ಸೂತಕ, ತಿಥಿ ಆಗೋವರೆಗೆ ಟಪಾಲು ಮುಟ್ಟಬಾರದು, ಅವನಿಗೆ ತೊಂದರೆ ಕೊಡಬೇಡಿ ಅಂದರು. ಮುಂಜಾನೆ ಎಡಸುತ್ತು ಸುತ್ತಿದ್ದನ್ನು ಆ ಅಕ್ಕಯ್ಯಮ್ಮ ಕಣ್ಣಾರೆ ನೋಡಿದ್ದಾಳೆ. ಟಪಾಲು ಕಾಯುತ್ತಾ? ಬೈರಪ್ಪನಿಗೆ ಬಿಲ್ಲೆ ಕೊಟ್ಟು ಬಂದೆ."

"ನಮ್ಮವ್ವ ಬದುಕವ್ಳೆ ಸಾ. ನಾನು ಎಡಸುತ್ತು ಸುತ್ತಿದ್ದು ಅವ್ವನಿಗಲ್ಲ." ದಿನವೆಲ್ಲ ತಡೆದಿಟ್ಟಿದ್ದು ಕಟ್ಟೆ ಒಡೆದು ಬಂತು. "ಈ ಎಡಮಂಡಿ ಇಲ್ಲಿ ಹೊರಗಡೆ ನೋಯ್ತಿತ್ತು ಸಾ. ಅದಕ್ಕೆ ಡಾಕ್ಟ್ರು ಹೇಳಿದ್ದ ಮದ್ದು ಅದು."

ಇನ್‌ಸ್ಪೆಕ್ಟರು ಬಗ್ಗಿ ಅವನ ಮಂಡಿಯನ್ನು ನೋಡಿದರು. ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತು ದೊಡ್ಡದಾಗಿ ಉಸಿರು ಬಿಟ್ಟರು.

"ಮಂಡಿ ನೋವೇ? ಸದ್ಯ, ನಿಮ್ಮೂರಿನವರು ನನ್ನನ್ನು ಉಳಿಸಿದರು" ಎಂದು ಸೈಕಲ್ ಹತ್ತಿ, ಬೆಲ್ಲು ಹೊಡೆಯುತ್ತ ಮಧುರೆಯ ಕಡೆಗೆ ಹೊರಟುಹೋದರು.

ಗಂಗಣ್ಣ ದಾರಿಯ ನಡುವೆ ನಿಂತ. ಹಿಂದೆ ಮಧುರೆಯಲ್ಲಿ ಮಾವ ಎಲೆಅಡಿಕೆ ಜೋಡಿಸಿಕೊಂಡು ಬಿಲ್ಲೆಗಾಗಿ ಕಾಯುತ್ತಿದ್ದ. ಮುಂದೆ ರಾಜಘಟ್ಟದಲ್ಲಿ ಊರಿಗೆ ಊರೇ ಅವನ ತಲೆ ಬೋಳಿಸಲು ಕಾಯುತ್ತಿತ್ತು. ಯಾವ ಕಡೆಗೆ ಹೋಗಬೇಕೆಂದು ತಿಳಿಯದೆ ಅವನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಕೊಂಡ.